ಗೋಮಿ ದಡಿಯ ಮೋಟಾರು

"ಕೆಟ್ಟಿದ್ರ ರಿಪೇರಿ ಮಾಡಬಹುದು. ಕೆಡದ ಮೋಟಾರು ಹೆಂಗ ರಿಪೇರಿ ಮಾಡ್ಲಿ ನಾ?"

ಕಮತಗಿಯಿಂದ ಇಳಕಲ್ಲಿಗೆ ಬಂದಿದ್ದ ಮೋಟಾರು ಮಿಸ್ತ್ರಿ ಇಬ್ರಾಹಿಂಸಾಬ ಗೋಣಿತಾಟಿನ ಮೇಲೆ ಕುಕ್ಕರಗಾಲಲ್ಲಿ ಕೂತು ಗೋಡೆಯ ಜೊತೆ ಜಗಳ ಆಡುತ್ತಿದ್ದ. ಅವನ ಮುಂದೆ ಹಸಿರು ಬಣ್ಣದ ಮೋಟಾರೊಂದು ಎರಡೂ ಕಡೆಯ ಮುಚ್ಚಳ ಬಿಚ್ಚಿಸಿಕೊಂಡು ಬಿದ್ದಿತ್ತು. ಬಾಗಿಲಲ್ಲಿ ಬಂದು ನಿಂತ ವಕೀಲೆ ನೀಲಾಬಾಯಿಯನ್ನು ಅವನು ನೋಡಿದ್ದು ತಡವಾಗಿ. ನೋಡಿದ ಮೇಲೆ ಕೈಯಲ್ಲಿದ್ದ ಪಾನಾ ಜಾರಿ ಅವನ ಕಾಲ ಮೇಲೆಯೇ ಬಿತ್ತು.

ಮಗ್ಗದ ಕುಣಿಯ ಅಂಚಿನಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದ ಮುದುಕಿ ಕಾಸಿಂಬಿ, ಪಾನಾ ಬಿದ್ದ ಸದ್ದಿಗೆ ತಲೆ ಎತ್ತಿದಳು.

"ಯಾರು ಬಂದ್ರು?"

"ನಾನು ಆಯಿ, ನೀಲಾಬಾಯಿ. ಬಾಗಲಕೋಟಿ ಬಸ್ಸಿಗೆ ಬಂದೆ."

ಕಾಸಿಂಬಿ ಗಡಬಡಿಸಿ ಎದ್ದು ಪಕ್ಕದಲ್ಲಿದ್ದ ಚಾದರವನ್ನು ಮೋಟಾರಿನ ಮೇಲೆ ಎಸೆದಳು. ಅದು ಮೋಟಾರನ್ನು ಬಿಟ್ಟು ಇಬ್ರಾಹಿಂಸಾಬನ ತಲೆಯನ್ನು ಮುಚ್ಚಿತು.

ನೀಲಾಬಾಯಿಗೆ ನಗು ಬರಲಿಲ್ಲ. ಎದುರು ಪಕ್ಷದ ವಕೀಲರಿಗೆ ಅವಳೆಂದೂ ಹೆದರಿದವಳಲ್ಲ. ಅವಳನ್ನು ಹೈರಾಣ ಮಾಡುವವರು ಯಾವಾಗಲೂ ಅವಳ ಕಕ್ಷಿದಾರರೇ. ಕಾಸಿಂಬಿಯ ಮಗ ಶಾಬುದ್ದೀನನನ್ನೇ ನೋಡಿ. ಇಳಕಲ್ಲಿನ ಕಲ್ಲುಗಣಿ ಸಾಹುಕಾರ ಅಮಾತೆಪ್ಪನ ಈಜುಹೊಂಡದಲ್ಲಿ ಆ ಸಾಹುಕಾರನ ಅಣ್ಣ ಹೊಳಬಸಪ್ಪ ಕರೆಂಟು ಹೊಡೆದು ಸತ್ತ. ಯಾರೂ ಕೇಳುವ ಮೊದಲೇ ಈ ಶಾಬುದ್ದೀನ ಠಾಣೆಗೆ ನಡೆದುಹೋಗಿ, ಹೊಂಡದ ಪಂಪಿನ ಮೋಟಾರು ರಿಪೇರಿ ಮಾಡಿದವನೂ ನಾನೇ, ಒಯ್ದು ಜೋಡಿಸಿದವನೂ ನಾನೇ ಎಂದು ಹೇಳಿ ಕೂತುಬಿಟ್ಟ. ನಾಳೆ ಹುನಗುಂದದ ಕೋರ್ಟಿನಲ್ಲಿ ಅವನ ಜಾಮೀನಿನ ಅರ್ಜಿ. ತವರಿಗೆ ಬಾಣಂತನಕ್ಕೆ ಹೋದ ಅವನ ಹೆಂಡತಿ ರಂಜಾನಬಿಗೆ ಹೆರಿಗೆ ಇವತ್ತೋ ನಾಳೆಯೋ ಎನ್ನುವಂತಿದೆ. ನೀಲಾಬಾಯಿಯ ಚೀಲದಲ್ಲಿ ಅವನ ಪರವಾಗಿ ಹೇಳಲಿಕ್ಕೆ ಒಂದೇ ಒಂದು ಮಾತೂ ಇರಲಿಲ್ಲ.

"ಇದು ಯಾರ ಮೋಟಾರು?" ಎಂದಳು.

"ಸಾವಕಾರ್ರ ತ್ವಾಟದ್ದು," ಎಂದಳು ಕಾಸಿಂಬಿ. "ಗೋಮಿ ದಡಿ ಕಟ್ಟೇತಿ ನೋಡ್ರಿ."

ಮೋಟಾರಿನ ಕೊಂಡಿಗೆ ಕೆಂಪು ದಡಿಯ ತುಂಡೊಂದು ಕಟ್ಟಿತ್ತು. ಶಾಬುದ್ದೀನ ಮೋಟಾರುಗಳ ಮೇಲೆ ಹೆಸರು ಬರೆಯುವವನಲ್ಲ. ಸೀಮೆಸುಣ್ಣ ಎಣ್ಣೆಗೆ ಅಳಿಸಿಹೋಗುತ್ತದೆ, ಚೀಟಿ ಹರಿದುಹೋಗುತ್ತದೆ ಎಂದು ಅವನು ಮನೆಯ ಮಗ್ಗದಲ್ಲಿ ಉಳಿದ ಸೀರೆಯ ದಡಿಯನ್ನೇ ಗುರುತಿಗೆ ಕಟ್ಟುತ್ತಿದ್ದ. ಒಬ್ಬರದಕ್ಕೆ ಗೋಮಿ ದಡಿಯಾದರೆ ಇನ್ನೊಬ್ಬರದಕ್ಕೆ ಸಣ್ಣ ಚುಕ್ಕಿಗಳ ಚಿಕ್ಕಿ ಪರಾಸ. ಶಾಬುದ್ದೀನ ಮೋಟಾರಿಗೂ ಸೀರಿ ಉಡಸ್ತಾನ ಎಂದು ಚಹಾದಂಗಡಿಯಲ್ಲಿ ಕೂತವರೆಲ್ಲ ಚೇಷ್ಟೆ ಮಾಡುತ್ತಿದ್ದರು. ಇಳಕಲ್ಲಿನಲ್ಲಿ ಈ ಸಂಗತಿ ಗೊತ್ತಿಲ್ಲದವರು ಇರಲಿಲ್ಲ.

"ಸಾವಕಾರ್ರ ಎರಡು ಮೋಟಾರು ಕಳಿಸಿದ್ರು," ಎಂದಳು ಕಾಸಿಂಬಿ. "ಒಂದು ಹೊಂಡದ್ದು, ಒಂದು ತ್ವಾಟದ್ದು. ಎರಡೂ ಒಂದಽ ನಮೂನಿ, ಒಂದಽ ಬಣ್ಣ. ಹೊಂಡದ್ದಕ್ಕ ಚಿಕ್ಕಿ ಪರಾಸ ಕಟ್ಟಿದ್ದ, ತ್ವಾಟದ್ದಕ್ಕ ಗೋಮಿ. ಹೊಂಡದ್ದು ಮುಗಿಸಿದ್ದ. ತ್ವಾಟದ್ದು ಸುಟ್ಟೈತಿ, ಅದನ್ನ ಇನ್ನೂ ಬಿಚ್ಚಿದ್ದಿಲ್ಲ. ಅವ ಬರೂತನಕ ಆ ಕೆಲಸರೆ ಮುಗೀಲಿ, ಗಿರಾಕಿ ಕೈ ತಪ್ಪಬಾರದು ಅಂತ ಇಬ್ರಾಹಿಂಗ ಕರಿಸಿದೆ."

"ಬಿಚ್ಚಿಲ್ಲಂತ," ಎಂದ ಇಬ್ರಾಹಿಂಸಾಬ ಚಾದರದೊಳಗಿನಿಂದ ಹೊರಬಂದು. "ಬಾಯಾರ, ನೀವಽ ಮೂಸಿ ನೋಡ್ರಿ. ವಾರ್ನಿಶ್ ವಾಸನಿ ಇನ್ನೂ ಹೋಗಿಲ್ಲ. ತಂತಿ ಹೊಸಾದು, ಬೇರಿಂಗ ಹೊಸಾವು. ಬಲ್ಬ್ ಹಚ್ಚಿ ತಪಾಸ ಮಾಡಿದೆ, ಮೈಗೆ ಒಂದು ಚೂರು ಕರೆಂಟ್ ಬರವಲ್ದು. ನಾ ಒಂದು ತಾಸಿನಿಂದ ಬ್ಯಾನಿ ಇಲ್ಲದ ರೋಗಿ ನಾಡಿ ಹಿಡಕೊಂಡು ಕುಂತೇನಿ."

ನೀಲಾಬಾಯಿ ಬಗ್ಗಿ ನೋಡಿದಳು. ಕಾನೂನಿನ ಕಲಮುಗಳನ್ನು ನಿದ್ದೆಯಲ್ಲೂ ಹೇಳಬಲ್ಲ ಅವಳ ತಲೆಗೆ ಆ ತಾಮ್ರದ ಸುರುಳಿಗಳು ಒಂದಿಷ್ಟೂ ಹತ್ತಲಿಲ್ಲ. ವಾರ್ನಿಶ್ ವಾಸನೆ ಮಾತ್ರ ಮೂಗಿಗೆ ಚೆನ್ನಾಗಿಯೇ ಬಡಿಯಿತು.

"ಸ್ವಲ್ಪ ತಡೀರಿ," ಎಂದು ಅವಳು ನೆಲದ ಮೇಲೆ ಕೂತಳು. ಕಾಸಿಂಬಿಯ ಬುಟ್ಟಿಯಿಂದ ಎರಡು ಕಂಡಿಕೆ ತೆಗೆದು ಒಂದರ ಪಕ್ಕ ಒಂದನ್ನಿಟ್ಟಳು. "ಇದು ಹೊಂಡದ್ದು, ರಿಪೇರಿ ಆಗಿ ತಯಾರಾದದ್ದು. ಇದು ತ್ವಾಟದ್ದು, ಸುಟ್ಟದ್ದು. ತಯಾರಾದದ್ದು ಈಗ ನಮ್ಮ ಮುಂದ ಐತಿ. ಹಂಗಾದ್ರ ಹೊಂಡಕ್ಕ ಹೋದದ್ದು ಯಾವುದು?"

ಉತ್ತರ ನೆಲದ ಮೇಲೆಯೇ ಇತ್ತು.

"ಸುಟ್ಟದ್ದು ಹೋತು," ಎಂದ ಇಬ್ರಾಹಿಂಸಾಬ ಕೊನೆಗೆ. ಅವನ ದನಿ ತಗ್ಗಿತ್ತು. "ಅದರ ಮೈತುಂಬ ಕರೆಂಟ್ ಇಳದಿರಬೇಕು. ಪೈಪಿಗೆ ಇಳದು, ಪೈಪಿನಿಂದ ಹೊಂಡದ ಏಣಿಗೆ ಇಳದು..."

"ಸಾಕು ಬಿಡು," ಎಂದಳು ನೀಲಾಬಾಯಿ.

ಅವಳಿಗೆ ತಲೆ ಕೆಟ್ಟುಹೋಗಿತ್ತು. ತಾನು ರಿಪೇರಿ ಮಾಡಿದ ಮೋಟಾರು ಯಾವುದು, ಸುಟ್ಟದ್ದು ಯಾವುದು ಎಂದು ತಿಳಿಯದಷ್ಟು ಹುಚ್ಚನೇ ಶಾಬುದ್ದೀನ? ತಿಳಿದೂ ಸುಟ್ಟದ್ದನ್ನು ಜೋಡಿಸಿದ್ದರೆ ಅದು ಅಜಾಗರೂಕತೆ ಅಲ್ಲ, ಕೊಲೆ. ಜಾಮೀನು ಕೇಳಲಿಕ್ಕೆ ಬಂದವಳು ತನ್ನ ಕಕ್ಷಿದಾರನ ಕುತ್ತಿಗೆಗೆ ತಾನೇ ಹಗ್ಗ ಹುಡುಕಿದಂತಾಗಿತ್ತು.

ಆಗ ಕಾಸಿಂಬಿ ನೆಲಕ್ಕೆ ಕುಸಿದು ಕೂತಳು.

"ಅವ ಜೋಡಿಸಿಲ್ರಿ ಬಾಯಾರ. ಅವ ಅವತ್ತು ಊರಾಗ ಇದ್ದಿದ್ದಿಲ್ಲ. ತಂತಿ ತರಾಕ ಬಾಗಲಕೋಟಿಗೆ ಹೋಗಿದ್ದ. ಸಾವಕಾರ್ರ ಮನಿಯಿಂದ ಬಂದೇನಿ, ಹೊಂಡದ ಮೋಟಾರು ಕೊಡು ಅಂತ ಒಬ್ಬ ಮನಶ್ಯಾ ಬಂದ. ನಾನಽ ಕೊಟ್ಟೆ."

"ನೀವು ಕೊಟ್ರಿ?"

"ನನ್ನ ಕೈಯಾರೆ ಕೊಟ್ಟೆ. ಮಗ ಬಂದು ಸುದ್ದಿ ಕೇಳಿ, ನನ್ನ ರಿಪೇರಿನಽ ಕೆಟ್ಟೈತಿ, ನೀ ಕೊಟ್ಟಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ, ಠಾಣೆ ಮೆಟ್ಟಲಾ ನೀ ಹತ್ತೂದು ನಾ ನೋಡಲಾರೆ ಅಂದ. ಆಣಿ ಹಾಕಿಸ್ಕೊಂಡ. ಈಗ ನೋಡಿದ್ರ ಅವನ ರಿಪೇರಿ ಕೆಟ್ಟಿಲ್ಲ. ಕೆಟ್ಟದ್ದು ನನ್ನ ಕೈ. ಚಿಕ್ಕಿ ಯಾವುದು, ಗೋಮಿ ಯಾವುದು ಅಂತ ನನ್ನ ಬೆರಳಿಗೆ ತಿಳೀಲಿಲ್ಲ."

ಕಾಸಿಂಬಿಯ ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಮನುಷ್ಯರು ಅವಳಿಗೆ ಹೊಗೆಯೊಳಗಿನ ನೆರಳು. ಆದರೂ ದಡಿಯ ಮೇಲೆ ಬೆರಳಾಡಿಸಿ ಇದು ಇಂಥದೇ ಎಂದು ಹೇಳುತ್ತಿದ್ದಳು, ಒಮ್ಮೆಯೂ ತಪ್ಪಿದವಳಲ್ಲ. ಆ ಬೆರಳುಗಳನ್ನೇ ಈಗ ಅವಳು ಬೇರೆ ಯಾರದೋ ಎನ್ನುವಂತೆ ತೊಡೆಯ ಮೇಲೆ ದೂರ ಚಾಚಿಕೊಂಡು ಕೂತಿದ್ದಳು. ನೀಲಾಬಾಯಿಗೆ ಅಯ್ಯೋ ಅನಿಸಿತು. ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಹಾಕಬೇಕು ಎನ್ನುವುದೇ ತಿಳಿಯಲಿಲ್ಲ.

ಇದನ್ನು ನಾಳೆ ಕೋರ್ಟಿನಲ್ಲಿ ಹೇಳಿದರೆ ಮಗ ಹೊರಗೆ ಬರುತ್ತಾನೆ, ತಾಯಿ ಒಳಗೆ ಹೋಗುತ್ತಾಳೆ. ಹೇಳದಿದ್ದರೆ ತಾಯಿ ಹೊರಗೆ, ಮಗ ಒಳಗೆ. ಇಂಥ ಕೇಸನ್ನು ಯಾಕಾದರೂ ಹಿಡಿದೆನೋ ಎಂದುಕೊಂಡಳು.

"ಆಯಿ, ಅವತ್ತು ನೀವು ಮುಟ್ಟಿದ್ದು ಚಿಕ್ಕಿ ಪರಾಸಽ ಹೌದೇನು?"

"ಚಿಕ್ಕಿನಽ ಅನಿಸಿತ್ತು. ಸಣ್ಣ ಸಣ್ಣ ಚುಕ್ಕಿ ಬೆರಳಿಗೆ ಹತ್ತಿದ್ದು ನೆನಪೈತಿ. ಆದ್ರ..."

"ಹಂಗಾದ್ರ ಇದನ್ನೂ ಒಮ್ಮೆ ಮುಟ್ರಿ."

ಕಾಸಿಂಬಿ ಮನಸ್ಸಿಲ್ಲದ ಮನಸ್ಸಿನಿಂದ ಕೈ ಚಾಚಿದಳು. ಗೋಮಿ ದಡಿಯ ತುಂಡಿನ ಮೇಲೆ ಬೆರಳು ಹೋಯಿತು, ಬಂತು, ಮತ್ತೆ ಹೋಯಿತು. ಗಂಟಿನ ಹತ್ತಿರ ಬಂದು ನಿಂತಿತು.

"ಇದು ಉಲ್ಟಾ ಐತಿ," ಎಂದಳು.

"ಏನು ಉಲ್ಟಾ?"

"ಅರಿವಿ ಉಲ್ಟಾ ಐತಿ. ಒಳಮೈ ಮ್ಯಾಲೆ ಮಾಡಿ ಕಟ್ಯಾರ. ನಮ್ಮ ಮನ್ಯಾಗ ಮೂರು ವರ್ಷದ ಕೂಸಿನ ಕೈಯಾಗ ಕೊಟ್ರೂ ದಡಿ ಉಲ್ಟಾ ಹಿಡಿಯಂಗಿಲ್ರಿ ಬಾಯಾರ. ಮತ್ತ ಈ ಗಂಟು ನನ್ನ ಮಗಂದಲ್ಲ. ಅವ ಎಳಿ ಹರದಾಗ ಹಾಕೂ ಗಂಟಽ ಹಾಕತಾನ. ಅದನ್ನ ಕಲಿಸಿದಾಕಿ ನಾನು. ಇದು ಮೇವಿನ ಹೊರಿ ಕಟ್ಟಿದಂಗ ಕಟ್ಟೇತಿ."

ಇಬ್ರಾಹಿಂಸಾಬ ಮುಟ್ಟಲು ಹೋದ. ನೀಲಾಬಾಯಿ ಅವನ ಕೈ ಸರಿಸಿದಳು.

ಹಾಗಾದರೆ ಮುದುಕಿಯ ಬೆರಳು ತಪ್ಪಿರಲಿಲ್ಲ. ಅವಳು ಚಿಕ್ಕಿ ದಡಿ ಮುಟ್ಟಿಯೇ ಕೊಟ್ಟಿದ್ದಳು. ಆದರೆ ಚಿಕ್ಕಿ ದಡಿ ಅಷ್ಟರಲ್ಲಿ ಸುಟ್ಟ ಮೋಟಾರಿಗೆ ಹೋಗಿತ್ತು. ಯಾರೋ ಎರಡನ್ನೂ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದ್ದರು.

"ಬಂದ ಮನಶ್ಯಾನ ಹಂತೇಲಿ ಮೋಟಾರು ಬಿಟ್ಟು ನೀವು ಎಲ್ಲೆರೆ ಹೋಗಿದ್ರೇನು?"

"ಎಲ್ಲಿಗೂ ಇಲ್ಲ. ಅವ ನೀರು ಕೇಳಿದ. ಬಾಯಾರಿತ್ತೋ ಏನೋ ಅಂತ ಒಳಗ ಹೋಗಿ ಒಂದು ತಂಬಿಗಿ ನೀರು ತಂದೆ. ಅವ ಕುಡೀಲಿಲ್ಲ. ಕೈ ತೊಳಕೊಂಡ." ಕಾಸಿಂಬಿ ಒಂದು ಕಂಡಿಕೆಯನ್ನು ತಡಕಿ ಬುಟ್ಟಿಗೆ ಹಾಕಿದಳು. "ನಮ್ಮ ಮನಿ ನೀರು ಕೆಲವರು ಕುಡಿಯಂಗಿಲ್ರಿ. ಕೇಳಿದ ತಪ್ಪಿಗೆ ಕೈ ತೊಳಕೊಂಡಾನ ಅಂತ ತಿಳಕೊಂಡು ಸುಮ್ಮಾದೆ. ನಾ ಯಾಕ ಕೇಳ್ಲಿ ಅದನ್ನ?"

"ಮೋಟಾರು ಎತ್ತಿದ ಮ್ಯಾಲೆ ತೊಳಕೊಂಡನೋ, ಎತ್ತೂದಕಿಂತ ಮೊದಲೋ?"

ಮುದುಕಿ ಅವತ್ತಿನದನ್ನು ಬೆರಳು ಮಡಚಿ ಎಣಿಸಿದಳು.

"ಮೊದಲ," ಎಂದಳು ಮೆಲ್ಲಗೆ. "ಇನ್ನೂ ಎತ್ತಿದ್ದಿಲ್ಲ. ಕೈಗೆ ಗ್ರೀಸ್ ಹತ್ತೇತಿ, ಒರಸಾಕ ಏನರೆ ಕೊಡು ಅಂದ. ಮಗ್ಗದಿಂದ ಕತ್ತರಿಸಿ ತಗದ ಒಂದು ತುಂಡು ಕೊಟ್ಟೆ. ಅದರಾಗ ದಡಿದು ಒಂದು ಎಳಿ ತಪ್ಪಿತ್ತು, ಅದಕ್ಕಽ ಕತ್ತರಿಸಿದ್ದೆ. ಒರಸ್ಕೊಂಡು ಕಿಸೇದಾಗ ಇಟಗೊಂಡ ಕಾಣತೈತಿ, ತಿರುಗಿ ಕೊಡಲಿಲ್ಲ. ಆಮ್ಯಾಲೆ ನಾ ಚಿಕ್ಕಿ ದಡಿ ಮುಟ್ಟಿ ತೋರಿಸಿದೆ, ಗಂಟಿನ ತನಕ ಬೆರಳು ಹೋಗಲಿಲ್ಲ, ಅವ ಎತಗೊಂಡು ಹೋದ."

"ಮೋಟಾರು ಮುಟ್ಟದವನ ಕೈಗೆ ಗ್ರೀಸ್ ಎಲ್ಲಿಂದ ಬಂತು ಆಯಿ?"

ಕಾಸಿಂಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಅವಳು ಅವಮಾನ ಎಂದು ನುಂಗಿಕೊಂಡದ್ದು ಅವಮಾನವೇ ಆಗಿರಲಿಲ್ಲ.

"ಮಾರಿ ಕಂಡಿರೇನು?"

"ಮಾರಿ ಎಲ್ಲಿ ಕಾಣಬೇಕು ನನಗ. ದನಿ ಕೇಳೇನಿ. ಇನ್ನೊಮ್ಮೆ ಕೇಳಿದ್ರ ಬಿಡಂಗಿಲ್ಲ."

ನೀಲಾಬಾಯಿ ಸೀರೆ ಝಾಡಿಸಿಕೊಂಡು ಎದ್ದಳು. ಯಾರ ದನಿ ಎನ್ನುವುದರ ಬಗ್ಗೆ ಅವಳಿಗೆ ಆಗಲೇ ಒಂದು ಗುಮಾನಿ ಇತ್ತು.

"ನಡೀರಿ ಆಯಿ, ಸಾವಕಾರ್ರ ಮನಿಗೆ ಹೋಗಿ ಬರೂಣು. ಇಬ್ರಾಹಿಂ, ನೀ ಮೋಟಾರು ಹೆಂಗೈತಿ ಹಂಗಽ ಬಿಡು. ದಯಮಾಡಿ ರಿಪೇರಿ ಮಾಡಬ್ಯಾಡ."

*

ಹುನಗುಂದದ ದಾರಿಗೆ ಹತ್ತಿದ ಅಮಾತೆಪ್ಪನ ಬಂಗಲೆಯನ್ನು ತೋರಿಸಲಿಕ್ಕೆ ಇಳಕಲ್ಲಿನ ಜನ ಬೆರಳು ಎತ್ತಬೇಕಾಗಿರಲಿಲ್ಲ. ಸಾಹುಕಾರರು ಮುಂಬಯಿಯ ಯಾವುದೋ ಹೋಟೆಲಿನಲ್ಲಿ ನೋಡಿ ಬಂದು, ತಮ್ಮ ಗಣಿಯ ಕೆಂಪು ಕಲ್ಲಿನಲ್ಲೇ ಹಿತ್ತಲಲ್ಲಿ ಒಂದು ಈಜುಹೊಂಡ ಕಟ್ಟಿಸಿದ್ದರು. ಮೊದಲು ನೋಡಲಿಕ್ಕೆ ಬಂದ ಹೆಂಗಸರು, ಇಷ್ಟು ನೀರು ಇಟಗೊಂಡು ಬಟ್ಟಿ ಒಗಿಯಾಕ ಒಂದು ಕಲ್ಲು ಹಾಕಿಸಿಲ್ಲಲ್ಲ ಎಂದು ಮರುಗಿ ಹೋಗಿದ್ದರಂತೆ.

ಈಗ ಪಂಪು ನಿಂತು ನೀರು ಹಸಿರಾಗಿತ್ತು. ಅಂಚಿನ ಕಬ್ಬಿಣದ ಏಣಿಗೆ ಯಾರೋ ಬಿಳಿ ಪಂಚೆ ಸುತ್ತಿದ್ದರು. ಸಂಜೆಯ ಬಿಸಿಲಿನಲ್ಲಿ ಅಮಾತೆಪ್ಪ ಒಬ್ಬನೇ ಕುರ್ಚಿ ಹಾಕಿಕೊಂಡು ಆ ನೀರನ್ನೇ ನೋಡುತ್ತ ಕೂತಿದ್ದ. ಗಡ್ಡ ಬಿಟ್ಟಿದ್ದ. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು.

ನೀಲಾಬಾಯಿ ಕಾಸಿಂಬಿಯನ್ನು ಕಟ್ಟೆಯ ಮೇಲೆ ತನ್ನ ಮಗ್ಗುಲಿಗೇ ಕೂಡಿಸಿಕೊಂಡಳು. ಅದೇ ದನಿಯಾದರೆ ನನ್ನ ಮುಂಗೈ ಹಿಡಿದು ಒತ್ತಬೇಕು, ಬಾಯಿ ಮಾತ್ರ ಬಿಡಬಾರದು ಎಂದು ದಾರಿಯಲ್ಲೇ ಹೇಳಿಕೊಟ್ಟಿದ್ದಳು.

"ವಕೀಲರು ಇಲ್ಲಿಗೆ ಬರೂದು ಅಂದ್ರೇನು?" ಎಂದ ಅಮಾತೆಪ್ಪ. "ನಮ್ಮಣ್ಣನ್ನ ಕೊಂದವನ ವಕೀಲರು ನೀವು."

ನೀಲಾಬಾಯಿ ತನ್ನ ಮುಂಗೈಯ ಕಡೆಗೆ ಗಮನ ಇಟ್ಟಳು. ಮುದುಕಿಯ ಕೈ ಅಲ್ಲಿಯ ತನಕ ಬಂದೇ ಇರಲಿಲ್ಲ.

"ಶಾಬುದ್ದೀನ ಬಂದು ಮೋಟಾರು ಜೋಡಿಸಿದ್ದನ್ನ ಕಣ್ಣಾರೆ ಕಂಡೇನಿ ಅಂತ ಹೇಳಿಕಿ ಕೊಟ್ಟೀರಿ, ಸಾವಕಾರ್ರ. ಅವ ಅವತ್ತು ಊರಾಗ ಇದ್ದಿದ್ದಿಲ್ಲ."

"ನಾ ಕಂಡೇನಿ ಅಂತ ಹೇಳಿಲ್ಲ."

"ಅದರಾಗ ಹಂಗಽ ಐತಿ. ಕೆಳಗ ನಿಮ್ಮ ಸಹಿ ಐತಿ."

"ಬರಕೊಂಡವರು ಠಾಣೆ ಫೌಜದಾರ್ರು. ಸಹಿ ಮಾಡ್ರಿ ಅಂದ್ರು, ಮಾಡಿದೆ. ಅಣ್ಣನ ಹೆಣ ಮುಂದ ಇಟಗೊಂಡು ಓದಕೋತ ಕುಂದ್ರಲೇನ್ರಿ ನಾ?"

ಮುಂಗೈ ಮೇಲೆ ಏನೂ ಇಲ್ಲ. ನೀಲಾಬಾಯಿ ಓರೆಗಣ್ಣಿನಲ್ಲಿ ನೋಡಿದಳು. ಕಾಸಿಂಬಿ ಇಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದಳು.

ಇವನಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದೆಲ್ಲ ಒಂದೇ ಸಲಕ್ಕೆ ಕುಸಿದುಬಿತ್ತು. ಅವಳ ಹತ್ತಿರ ಮುಂದಿನ ಪ್ರಶ್ನೆಯೇ ಇರಲಿಲ್ಲ. ಬಂದ ತಪ್ಪಿಗೆ ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು.

"ಮತ್ತ ಜೋಡಿಸಿದವರು ಯಾರು?"

"ನಮ್ಮಣ್ಣ." ಅಮಾತೆಪ್ಪ ಏಣಿಯ ಕಡೆ ನೋಡಿದ. "ಮಶೀನು ಕಂಡ್ರ ಅವಂಗ ಕೈ ಸುಮ್ಮನ ಇರತಿದ್ದಿಲ್ಲ. ಹಿಂದಿನ ದಿವಸ ಕೂಡಲಸಂಗಮಕ್ಕ ಹೋಗಿದ್ದ. ಸಂಜಿಗೆ ಬರೂದರಾಗ ಪಂಪಿನ ಖೋಲಿ ಮುಂದ ಮೋಟಾರು ಯಾರೋ ತಂದು ಇಟ್ಟಿದ್ರು. ಶಾಬುದ್ದೀನನಽ ಇಟ್ಟುಹೋಗ್ಯಾನ ಅಂದಕೊಂಡ್ವಿ. ಮುಂಜಾನೆ ಎದ್ದಾವನಽ ತಾನಽ ಜೋಡಿಸಿ, ಬಟನ್ ಒತ್ತಿ, ಅಂಗಿ ಕಳದು ಈ ಕುರ್ಚಿಗೆ ಹಾಕಿ, ನೀರು ತಿರುಗತೈತೇನು ನೋಡತೇನಿ ಅಂತ ಏಣಿ ಹಿಡದು ಇಳದ."

"ದಿನಾ ಮುಂಜಾನೆ ಇಳಿಯೋರು ಯಾರು?"

"ನಾ." ಸಾಹುಕಾರ ಕುರ್ಚಿಯ ಕೈ ಹಿಡಿದುಕೊಂಡ. "ಅವತ್ತು ಜ್ವರ ಬಂದು ಮಲಗಿದ್ದೆ. ಆ ಏಣಿ ಮ್ಯಾಲೆ ನನ್ನ ಕೈ ಇರಬೇಕಾಗಿತ್ತು."

ಕಲ್ಲಿನ ಲಾರಿಗಳನ್ನು ಒಂದು ಕೂಗಿಗೆ ನಿಲ್ಲಿಸುವ ಆ ಮನುಷ್ಯ ಮುಚ್ಚುಮರೆ ಇಲ್ಲದೆ ಅತ್ತ. ನೀಲಾಬಾಯಿಗೆ ಅವನ ಮೇಲೆ ಗುಮಾನಿ ಪಟ್ಟದ್ದಕ್ಕೆ ನಾಚಿಕೆಯಾಯಿತು. ಕಣ್ಣು ಒರೆಸಿಕೊಳ್ಳುವ ತನಕ ಕಾದಳು.

"ಅಣ್ಣನವರು ಅವತ್ತು ಹಾಕ್ಕೊಂಡಿದ್ದ ಅಂಗಿ ಎಲ್ಲೈತಿ?"

"ಐತಿ. ಪಂಚನಾಮಿಗೆ ಅಂತ ಒಯ್ದಿದ್ರು. ನಿನ್ನೆ ಠಾಣೆದಿಂದ ವಾಪಸ್ ಕಳಿಸ್ಯಾರ. ಒಗಿಯಾಕ ಕೊಟ್ಟಿಲ್ಲ ನಾ."

ಒಳಗೆ ಹೋಗಿ ಅವನೇ ತಂದ. ಬಿಳಿ ಅರ್ಧ ತೋಳಿನ ಅಂಗಿ. ಇನ್ನೂ ಬೆವರಿನ ವಾಸನೆ ಇತ್ತು. ನೀಲಾಬಾಯಿ, ಮೋಟಾರು ಒಯ್ದವನು ಕಿಸೆಗೆ ಹಾಕಿಕೊಂಡ ಬಟ್ಟೆ ನೆನೆದು, ಅದರ ಕಿಸೆಯಲ್ಲಿ ಬೆರಳು ಹಾಕಿದಳು. ಏನಾದರೂ ಸಿಗುತ್ತದೆ ಎನ್ನುವ ಆಸೆ ಅವಳಿಗಿರಲಿಲ್ಲ.

ಬೆರಳಿಗೆ ಬಟ್ಟೆ ಹತ್ತಿತು. ಕಪ್ಪು ಗ್ರೀಸು ಮೆತ್ತಿದ, ಕೆಂಪು ದಡಿಯ ಒಂದು ಹಸಿರು ತುಂಡು.

ಅವಳು ಮಾತಾಡದೆ ಅದನ್ನು ಕಾಸಿಂಬಿಯ ಉಡಿಯಲ್ಲಿ ಹಾಕಿದಳು. ಮುದುಕಿ ದಡಿಯ ಉದ್ದಕ್ಕೂ ಬೆರಳೆಳೆದಳು. ನಡುವೆ ಒಂದು ಕಡೆ ನಿಂತಳು.

"ಒಂದು ಎಳಿ ಇಲ್ಲ," ಎಂದಳು. "ಇದು ಅದಽ ಐತ್ರಿ ಬಾಯಾರ. ನಾ ಕೊಟ್ಟ ಅರಿವಿ."

"ಏನದು?" ಎಂದ ಅಮಾತೆಪ್ಪ.

ನೀಲಾಬಾಯಿ ಹೇಳಿದಳು. ಬಂದ ಮನುಷ್ಯ, ನೀರು, ಬದಲಾದ ದಡಿ, ಒರೆಸಿಕೊಂಡ ಬಟ್ಟೆ, ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಸಾಹುಕಾರನ ಮುಖದ ಬಣ್ಣವೇ ಬದಲಾಯಿತು.

"ಅಂದ್ರ ನಮ್ಮಣ್ಣ ಸುಟ್ಟ ಮೋಟಾರು ಬೇಕಂತ ತಂದು ಇಟ್ಟ ಅಂತೀರಿ. ದಿನಾ ನಾ ಇಳೀತೇನಿ ಅಂತ ಗೊತ್ತಿದ್ದಽ ಇಟ್ಟ ಅಂತೀರಿ."

"ನಾ ಅನ್ನೂದಿಲ್ಲ. ಈ ಅರಿವಿ ಅನ್ನತೈತಿ."

"ಅವ ಸಂಗಮದಾಗ ಇದ್ದ."

"ಜೋಡಿ ಯಾರಿದ್ರು?"

"ಒಬ್ಬನಽ ಹೋಗಿದ್ದ." ಅಮಾತೆಪ್ಪ ಅಂಗಿಯನ್ನು ಅವಳ ಕೈಯಿಂದ ಕಸಿದುಕೊಂಡ. "ನನ್ನ ಎತ್ತಿ ಆಡಿಸಿದವ ಅವ. ಸತ್ತವನ ಮ್ಯಾಲೆ ಹಾಕಿದ್ರ ನಿಮ್ಮ ಹುಡುಗ ಬಿಡುಗಡಿ ಆಗತಾನ, ಅಷ್ಟಽ ಹೌದಲ್ಲೋ? ಸತ್ತವ ಎದ್ದು ಬಂದು ಇಲ್ಲ ಅನ್ನೂದಿಲ್ಲ."

ಆ ಮಾತು ನೀಲಾಬಾಯಿಗೆ ಚುಚ್ಚಿತು. ಯಾಕೆಂದರೆ ಒಂದು ಗಳಿಗೆಯ ಹಿಂದೆ ಅವಳು ಅದನ್ನೇ ಯೋಚಿಸಿ ಹಗುರಾಗಿದ್ದಳು. ನಾಳೆ ಕೋರ್ಟಿನಲ್ಲಿ ಈ ತುಂಡು ತೋರಿಸಿದರೆ ಸಾಕು, ಮಗನೂ ಹೊರಗೆ, ತಾಯಿಯೂ ಹೊರಗೆ.

ಆದರೆ ಹಗುರಾದ ಮನಸ್ಸು ಹಗುರಾಗಿಯೇ ಉಳಿಯಲಿಲ್ಲ. ಸುಟ್ಟ ಮೋಟಾರು ಎಂದು ತಿಳಿದು ತಂದವನು ತಾನೇ ಯಾಕೆ ಬಟನ್ ಒತ್ತಿ ತಾನೇ ಏಣಿ ಹಿಡಿದ? ವಿಷ ಬೆರೆಸಿದವನು ತಾನೇ ಉಣ್ಣಲಿಕ್ಕೆ ಕೂಡುತ್ತಾನೆಯೇ? ಹೊಳಬಸಪ್ಪ ಕೊಲೆಗಾರನಾದರೆ ಅವನಷ್ಟು ದಡ್ಡ ಕೊಲೆಗಾರ ಇನ್ನೊಬ್ಬನಿರಲಿಲ್ಲ. ಎಲ್ಲವೂ ಹೊಂದುತ್ತಿತ್ತು, ಆದರೂ ಏನೋ ಒಂದು ಎಳೆ ತಪ್ಪಿತ್ತು. ಎಲ್ಲಿ ತಪ್ಪಿದೆ ಎಂದು ಮುಟ್ಟಿ ಹೇಳುವ ಬೆರಳು ಅವಳಿಗಿರಲಿಲ್ಲ.

ಹೊರಗೆ ಜೀಪು ಬಂದು ನಿಂತ ಸದ್ದಾಯಿತು.

ಬಂಗಲೆಯ ಮಗ್ಗುಲಿನಿಂದ ಫೌಜದಾರ ಅಂದಪ್ಪ ನಡೆದುಬಂದ. ಎತ್ತರದ ಆಳು, ಇಸ್ತ್ರಿ ಮುರಿಯದ ಖಾಕಿ. ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡಿದ್ದ. ಕೈತುಂಬ ಕಪ್ಪಾಗಿತ್ತು. ಕೇಸಿನ ಕಾಗದವೆಲ್ಲ ಇವನ ಕೈಬರಹದಲ್ಲೇ ಇದ್ದರೂ ಕಾಸಿಂಬಿ ಇವನೆದುರು ನಿಂತವಳಲ್ಲ. ಮಗ ಠಾಣೆಗೆ ಬರಗೊಟ್ಟರೆ ತಾನೇ?

"ನಮಸ್ಕಾರ್ರಿ ಸಾವಕಾರ್ರ. ಹಾದ್ಯಾಗ ಟಾಯರ್ ಕೈ ಕೊಡ್ತು. ಕೈಗೆ ಗ್ರೀಸ್ ಹತ್ತೇತಿ, ಒಂದು ತಂಬಿಗಿ ನೀರು ಕೊಡಸ್ರಿ."

ನೀಲಾಬಾಯಿಯ ಮುಂಗೈಗೆ ಏನೋ ಕಚ್ಚಿದಂತಾಯಿತು.

ಕಾಸಿಂಬಿಯ ಬೆರಳು. ಪೊಲೀಸರೆಂದು ಹೆದರಿದ್ದಾಳೆ, ಪಾಪ, ಎಂದುಕೊಂಡು ನೀಲಾಬಾಯಿ ಅವಳ ಕೈ ಸವರಿದಳು. ಬೆರಳು ಸಡಿಲಾಗಲಿಲ್ಲ. ಒತ್ತಿತು, ಬಿಟ್ಟಿತು, ಇನ್ನೂ ಜೋರಾಗಿ ಒತ್ತಿತು.

ಆಮೇಲೆ ಅರ್ಥವಾಯಿತು. ಇದೇ ಆ ದನಿ.

ಹೇಳಿಕೆ ಬರೆದುಕೊಂಡವರು ಫೌಜದಾರ್ರು. ಅಂಗಿ ಠಾಣೆಯಿಂದ ನಿನ್ನೆ ಬಂದದ್ದು. ಕಿಸೆಯಲ್ಲಿ ಬಟ್ಟೆ ಹೊಳಬಸಪ್ಪ ಇಟ್ಟುಕೊಂಡದ್ದೇ ಆಗಬೇಕೆಂದೇನೂ ಇರಲಿಲ್ಲ. ಸತ್ತವ ಎದ್ದು ಬಂದು ಇಲ್ಲ ಅನ್ನುವುದಿಲ್ಲ ಎಂದು ತಿಳಿದವನು ಅವಳೊಬ್ಬಳೇ ಅಲ್ಲ. ಸುಟ್ಟ ಮೋಟಾರು ಸೀಲು ಹಾಕಿಸಿಕೊಂಡು ಕೂತಿರುವುದು ಇವನ ಠಾಣೆಯಲ್ಲಿ. ಶಾಬುದ್ದೀನ ಕೂತಿರುವುದೂ ಅಲ್ಲಿಯೇ. ಯಾಕೆ? ಸಾಹುಕಾರನ ಮೇಲೆ ಇವನಿಗೇನು ಹಗೆ? ಅವಳಿಗೆ ಒಂದೂ ತಿಳಿಯಲಿಲ್ಲ.

ಆಳು ತಂಬಿಗೆ ತಂದ. ಫೌಜದಾರ ಬಗ್ಗಿ ಕೈ ತೊಳೆಯತೊಡಗಿದ. ತೊಳೆಯುತ್ತಲೇ ಅವನ ಕಣ್ಣು ಕಾಸಿಂಬಿಯ ಉಡಿಯಲ್ಲಿದ್ದ ಹಸಿರು ತುಂಡಿನ ಮೇಲೆ ಹೋಯಿತು.

"ಅದೇನದು ವಕೀಲರ? ಪುರಾವೆ ಇದ್ದಂಗೈತಲ್ಲ. ನನ್ನ ತಾಬಾಕ ಕೊಡ್ರಿ. ನಾಳೆ ಕೋರ್ಟಿಗೆ ನಾನಽ ಹಾಜರ ಮಾಡತೇನಿ."

ಮುದುಕಿ ಆ ತುಂಡನ್ನು ಎತ್ತಿ ನಿಧಾನವಾಗಿ ಎರಡೂ ಕಣ್ಣು ಒರೆಸಿಕೊಂಡಳು. ಮುಖದ ತುಂಬ ಗ್ರೀಸು ಮೆತ್ತಿತು. ಒರೆಸಿಕೊಂಡದ್ದನ್ನು ಕುಪ್ಪಸದೊಳಗೆ ಸೇರಿಸಿದಳು.

"ನನ್ನ ಅರಿವಿ ಐತ್ರಿ ಯಪ್ಪಾ," ಎಂದಳು. "ಕಣ್ಣಾಗ ನೀರು ಸೋರತಾವು, ಒರಸ್ಕೊಳ್ಳಾಕ ಇಟಗೊಂಡೇನಿ."

ಫೌಜದಾರ ತಂಬಿಗೆ ಕೆಳಗಿಟ್ಟ. ತೊಳೆದ ಕೈಯನ್ನು ಗಾಳಿಯಲ್ಲಿ ಝಾಡಿಸುತ್ತ ಹತ್ತಿರ ಬಂದು, ಮುದುಕಿಯ ಮುಖದ ಮುಂದೆ ಬೆರಳು ಆಡಿಸಿ ನೋಡಿದ. ಬೂದು ಬಣ್ಣದ ಆ ಕಣ್ಣುಗಳು ಅಲುಗಲಿಲ್ಲ.

"ಏನೂ ಕಾಣಂಗಿಲ್ಲೇನಬೇ ನಿನಗ?"

"ಪೊರಿ ಬಂದೈತ್ರಿ. ಮನಶ್ಯಾರು ಕಾಣಂಗಿಲ್ಲ."

ಅವನು ತಲೆಯಾಡಿಸಿದ. ಹೊರಟವನಂತೆ ತಿರುಗಿದ. ನೀಲಾಬಾಯಿಯ ಮುಂಗೈ ಮೇಲಿನ ಹಿಡಿತ ತುಸು ಸಡಿಲಾಯಿತು.

"ಮತ್ತ ಕಿವಿ?" ಎಂದ ಫೌಜದಾರ, ಅಲ್ಲಿಯೇ ನಿಂತು.